ಧ್ವನಿನಟರೂ ನಿರ್ದೇಶಕರ ಕಿವಿಯೂ

ರಂಗದ ಮೇಲಿನ ನಟನಿಗೆ ಮೈಯೆಲ್ಲ ಭಾಷೆ. ಕಣ್ಣು, ಕೈ, ನಡಿಗೆ, ಉಡುಗೆ, ಬಣ್ಣ, ಬೆಳಕು ಇವೆಲ್ಲವೂ ಅವನ ಮಾತಿಗೆ ನೆರವಾಗುತ್ತವೆ. ಧ್ವನಿನಟನಿಗಾದರೋ ಇವು ಯಾವುವೂ ಇಲ್ಲ. ಆಕಾಶವಾಣಿಯ ನಾಟಕದಲ್ಲಿ, ಚಲನಚಿತ್ರದ ಡಬ್ಬಿಂಗಿನಲ್ಲಿ, ಓದಿ ಕೇಳಿಸುವ ಪುಸ್ತಕದಲ್ಲಿ ಅವನ ಪಾಲಿಗೆ ಉಳಿದಿರುವುದು ಗಾಳಿಯ ಕಂಪನವೊಂದೇ. ಮುದುಕನಾರು, ಬಾಲಕನಾರು, ಆಚೆ ದಂಡೆಯಲ್ಲಿ ನಿಂತವನಾರು, ಮಗ್ಗುಲಲ್ಲಿ ಕುಳಿತವನಾರು ಎಂಬುದನ್ನೆಲ್ಲ ಕೇಳುಗನು ಆ ಕಂಪನದಿಂದಲೇ ಗುರುತಿಸಬೇಕು.

ಇಂತಹ ನಟನಿಗೆ ನಿರ್ದೇಶಕನು ಕೊಡುವ ಸೂಚನೆ ಹೇಗಿರಬೇಕು? “ಇನ್ನೂ ಸ್ವಲ್ಪ ಭಾವ ತುಂಬಿ”, “ಜೋರಾಗಿ ಹೇಳಿ”, “ಏಕೋ ಸರಿಹೋಗಲಿಲ್ಲ, ಮತ್ತೊಮ್ಮೆ” ಎಂಬ ಮಾತುಗಳು ಧ್ವನಿಮುದ್ರಣದ ಕೋಣೆಗಳಲ್ಲಿ ದಿನವೂ ಕೇಳಿಬರುತ್ತವೆ. ಇವುಗಳಿಂದ ನಟನಿಗೆ ಆಗುವ ಉಪಕಾರ ಅತ್ಯಲ್ಪ. ಅದೇಕೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಕಲಾವಿದರಿಗೇ ಬಿಟ್ಟುಬಿಡುತ್ತಾರೆ. ಆದರೆ ಅದರ ಒಂದು ಪಾಲು ಭೌತಶಾಸ್ತ್ರಕ್ಕೂ ಇನ್ನೊಂದು ಪಾಲು ಮನಃಶಾಸ್ತ್ರಕ್ಕೂ ಸೇರಿದುದಾಗಿದೆ. ಆ ಎರಡು ಪಾಲುಗಳನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ನಮ್ಮ ಉದಾಹರಣೆಗಳನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯಿಂದಲೇ ಆರಿಸಿಕೊಂಡಿದ್ದೇವೆ. ಹೊಸಪೇಟೆಯಲ್ಲಿ ಆಕಾಶವಾಣಿಯ ಎಫ್.ಎಂ. ಕೇಂದ್ರವಿದೆ. ಸುತ್ತಲೂ ಹೊಳೆ, ಗಣಿ, ಗದ್ದೆ, ಬಂಡೆಗಳಿವೆ. ಬಗೆಬಗೆಯ ಕನ್ನಡವೂ ಇದೆ. ದನಿಯನ್ನು ಕುರಿತು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.

ತನ್ನ ದನಿ ತನಗೆ ಕೇಳದು

ಮೊದಲು ಒಂದು ಸುಲಭವಾದ ಪ್ರಯೋಗ. ಇಂದು ಮನೆಮನೆಯಲ್ಲಿರುವ ಫೋನಿನಲ್ಲಿ ನಿಮ್ಮ ಮಾತನ್ನು ಮುದ್ರಿಸಿಕೊಂಡು ಕೇಳಿರಿ. “ಇದು ನನ್ನ ದನಿಯೇ?” ಎಂದು ನೀವು ಬೆರಗಾಗುವಿರಿ. ಪಕ್ಕದಲ್ಲಿರುವ ಗೆಳೆಯನಿಗಾದರೋ ಯಾವ ಆಶ್ಚರ್ಯವೂ ಆಗುವುದಿಲ್ಲ. ಅವನು ನಿತ್ಯವೂ ಕೇಳುವ ದನಿ ಅದೇ.

ಇದರ ಕಾರಣ ಹೀಗಿದೆ. ನಾವು ಮಾತನಾಡುವಾಗ ನಮ್ಮ ದನಿ ಎರಡು ದಾರಿಗಳಿಂದ ನಮ್ಮ ಒಳಗಿವಿಯನ್ನು ಸೇರುತ್ತದೆ. ಬಾಯಿಯಿಂದ ಹೊರಟು ಗಾಳಿಯಲ್ಲಿ ಸುತ್ತಿ ಕಿವಿಗೆ ಬರುವುದು ಒಂದು ದಾರಿ. ಗಂಟಲು, ದವಡೆ, ತಲೆಬುರುಡೆಗಳ ಮೂಲಕ ನೇರವಾಗಿ ಒಳಗಿವಿಗೆ ತಲಪುವುದು ಇನ್ನೊಂದು ದಾರಿ. ಮೂಳೆಯ ದಾರಿಯಲ್ಲಿ ತಗ್ಗುಸ್ವರದ ಕಂಪನಗಳು ಚೆನ್ನಾಗಿ ಸಾಗುತ್ತವೆ. ಆದ್ದರಿಂದ ನಮ್ಮ ದನಿ ನಮಗೆ ತುಂಬಿದಂತೆ, ಗಂಭೀರವಾಗಿ ಕೇಳಿಸುತ್ತದೆ. ಮೈಕ್ರೋಫೋನಿಗೆ ತಲೆಬುರುಡೆಯಿಲ್ಲ, ಅದು ಗಾಳಿಯ ಪಾಲನ್ನು ಮಾತ್ರ ಹಿಡಿಯಬಲ್ಲುದು. ಒಳಗಿವಿಯ ಕಾರ್ಯವನ್ನು ಬಿಡಿಸಿ ತೋರಿಸಿ ೧೯೬೧ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಗಿಯೋರ್ಗ್ ಫಾನ್ ಬೇಕೇಶಿ ಎಂಬ ಭೌತವಿಜ್ಞಾನಿಯು ಈ ವಿಷಯವನ್ನೂ ಅಳೆದುನೋಡಿದ್ದನು. ನಮ್ಮ ದನಿ ನಮಗೆ ಕೇಳಿಸುವಾಗ ಮೂಳೆಯ ಪಾಲು ಗಾಳಿಯ ಪಾಲಿಗೆ ಹೆಚ್ಚುಕಡಿಮೆ ಸಮನಾಗಿರುವುದೆಂದು ಅವನು ಕಂಡುಕೊಂಡನು.

ಇದರಿಂದ ಒಂದು ಮಹತ್ವದ ಸಂಗತಿ ಹೊರಡುತ್ತದೆ. ಧ್ವನಿನಟನು ತಾನು ಮಾಡುತ್ತಿರುವ ಕೆಲಸವನ್ನು, ಮಾಡುತ್ತಿರುವ ಹೊತ್ತಿನಲ್ಲಿ, ಕೇಳುಗನಂತೆ ಕೇಳಲಾರನು. ಹೊರಗಿನ ಇನ್ನೊಂದು ಕಿವಿ ಅವನಿಗೆ ಬೇಕು. ನಿರ್ದೇಶಕನ ಮೊದಲ ಕರ್ತವ್ಯ ಆ ಕಿವಿಯಾಗುವುದು. ಅವನ ವರದಿ ಮಸುಕಾದರೆ ನಟನು ಕತ್ತಲೆಯಲ್ಲಿ ತಡವರಿಸುತ್ತಾನೆ. “ಸರಿಹೋಗಲಿಲ್ಲ” ಎಂಬ ಮಾತು ಅಂತಹ ಮಸುಕಾದ ವರದಿಯೇ ಸರಿ.

ಕಲ್ಲಿನ ಕಂಬ, ಮಾಂಸದ ಕೊಳವೆ

ಹಂಪಿಯ ವಿಜಯವಿಠ್ಠಲ ದೇವಾಲಯದ ನಾದಸ್ತಂಭಗಳನ್ನು ಕೇಳದವರಾರು? ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಕಂಬಗಳನ್ನು ಆಧುನಿಕ ಉಪಕರಣಗಳಿಂದ ಪರೀಕ್ಷಿಸಿದ್ದಾರೆ. ಅವು ಒಳಗೆ ಪೊಳ್ಳಲ್ಲ, ಗಟ್ಟಿಯಾದ ಕಲ್ಲೇ. ತಟ್ಟಿದಾಗ ಸಣ್ಣಗೆ ಬಾಗಿ ಕಂಪಿಸುವುದರಿಂದ ನಾದ ಹುಟ್ಟುತ್ತದೆ ಎಂಬುದು ಅವರು ಕಂಡ ನಿಜ. ಕಂಬದ ಉದ್ದ, ದಪ್ಪ, ಆಕಾರಗಳು ಗೊತ್ತಾದರೆ ಅದರ ಸ್ವರವೂ ಗೊತ್ತಾದಂತೆಯೇ. ಮೆಲ್ಲಗೆ ತಟ್ಟಿದರೂ ಬಲವಾಗಿ ತಟ್ಟಿದರೂ ಸ್ವರ ಬದಲಾಗದು. (ಸ್ಮಾರಕದ ರಕ್ಷಣೆಗಾಗಿ ಕಂಬಗಳನ್ನು ತಟ್ಟುವುದನ್ನು ಈಗ ನಿಷೇಧಿಸಲಾಗಿದೆ ಎಂಬುದನ್ನು ವಾಚಕರು ಮರೆಯಬಾರದು.)

ಮನುಷ್ಯನ ಗಂಟಲು ಇದಕ್ಕೆ ತದ್ವಿರುದ್ಧವಾದ ವಾದ್ಯ. ವಯಸ್ಕ ಪುರುಷನಲ್ಲಿ ಧ್ವನಿತಂತುಗಳಿಂದ ತುಟಿಯವರೆಗಿನ ದಾರಿ ಸುಮಾರು ೧೭ ಸೆಂಟಿಮೀಟರ್ ಉದ್ದ. ಇದನ್ನು ಒಂದು ತುದಿ ಮುಚ್ಚಿದ, ಇನ್ನೊಂದು ತುದಿ ತೆರೆದ ಕೊಳವೆಯೆಂದು ಭಾವಿಸಬಹುದು. ಅಂತಹ ಕೊಳವೆಯ ಮೊದಲ ಅನುನಾದದ ತರಂಗದೂರವು ಕೊಳವೆಯ ಉದ್ದದ ನಾಲ್ಕರಷ್ಟು, ಎಂದರೆ ೬೮ ಸೆಂಟಿಮೀಟರ್. ಶಬ್ದದ ವೇಗ ಸೆಕೆಂಡಿಗೆ ೩೪೦ ಮೀಟರ್ ಎಂದಿಟ್ಟುಕೊಂಡು ೦.೬೮ರಿಂದ ಭಾಗಿಸಿದರೆ ಸೆಕೆಂಡಿಗೆ ೫೦೦ ಕಂಪನಗಳು ಬರುತ್ತವೆ. ಮುಂದಿನ ಅನುನಾದಗಳು ೧೫೦೦, ೨೫೦೦ ಹೀಗೆ ಇರುವುವು. ನಾಲಿಗೆ, ದವಡೆ, ತುಟಿಗಳು ಚಲಿಸಿದಂತೆಲ್ಲ ಈ ಅನುನಾದಗಳು ಸ್ಥಳ ಬದಲಿಸುತ್ತವೆ. ‘ಅ’, ‘ಇ’, ‘ಉ’ ಎಂಬ ಸ್ವರಗಳು ಬೇರೆಬೇರೆಯಾಗಿ ಕೇಳುವುದು ಇದರಿಂದಲೇ. ನಗುವಾಗ ತುಟಿಗಳು ಹಿಂದಕ್ಕೆ ಸರಿದು ಕೊಳವೆ ತುಸು ಗಿಡ್ಡವಾಗುತ್ತದೆ, ಅನುನಾದಗಳು ಮೇಲೇರುತ್ತವೆ. ಆದ್ದರಿಂದ ನಗುಮೊಗದಿಂದ ಆಡಿದ ಮಾತನ್ನು, ಮುಖ ಕಾಣದಿದ್ದರೂ, ಕಿವಿ ಗುರುತಿಸಬಲ್ಲುದು.

ಹಾಗಾದರೆ ನಿರ್ದೇಶಕನು ನಟನಿಗೆ “ತುಟಿಯನ್ನು ಅರ್ಧ ಸೆಂಟಿಮೀಟರ್ ಹಿಂದೆ ಸರಿಸಿ” ಎನ್ನಬೇಕೆ? ಬೇಡ. ಮಾತಿನಲ್ಲಿ ತೊಡಗುವ ಸ್ನಾಯುಗಳು ಅನೇಕ. ಅವುಗಳನ್ನು ಒಂದೊಂದಾಗಿ ಬುದ್ಧಿಯಿಂದ ಆಳಲು ಹೊರಟರೆ ಮಾತೇ ನಿಂತುಹೋಗುವುದು. ೧೯೯೮ರಲ್ಲಿ ಗೇಬ್ರಿಯೇಲಾ ವುಲ್ಫ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಿಗೆ ಬರುತ್ತದೆ. ಹಿಮದ ಮೇಲೆ ಜಾರುವ ಆಟದಂತಹ ಒಂದು ಯಂತ್ರದ ಮೇಲೆ ಜನರನ್ನು ನಿಲ್ಲಿಸಿ, ಕೆಲವರಿಗೆ ತಮ್ಮ ಪಾದದ ಕಡೆಗೂ ಕೆಲವರಿಗೆ ಪಾದದ ಕೆಳಗಿನ ಗಾಲಿಗಳ ಕಡೆಗೂ ಗಮನ ಕೊಡಲು ಹೇಳಿದರು. ಗಾಲಿಗಳನ್ನು ಗಮನಿಸಿದವರು ಚೆನ್ನಾಗಿ ಕಲಿತರು. ಮೈಯ ಅಂಗದ ಮೇಲೆ ಇಟ್ಟ ಗಮನ ಮೈಯನ್ನು ತೊಡಕಿಸುತ್ತದೆ. ಹೊರಗಿನ ಗುರಿಯ ಮೇಲೆ ಇಟ್ಟ ಗಮನ ಮೈಯನ್ನು ತಾನೇ ಸರಿಪಡಿಸಿಕೊಳ್ಳಲು ಬಿಡುತ್ತದೆ. ಬಗೆಬಗೆಯ ಆಟೋಟಗಳಲ್ಲಿ ಈ ಮಾತು ಮುಂದೆಯೂ ನಿಜವೆಂದು ಕಂಡುಬಂದಿದೆ.

ಧ್ವನಿನಟನಿಗೆ ಹೊರಗಿನ ಗುರಿಯೆಂದರೆ ಸನ್ನಿವೇಶ. ಯಾರಿಗೆ ಹೇಳುತ್ತಿದ್ದಾನೆ, ಎಷ್ಟು ದೂರದಿಂದ, ಏನನ್ನು ಬಯಸಿ? ಇವನ್ನು ಕೊಟ್ಟರೆ ಗಂಟಲು ತನ್ನ ಆಕಾರವನ್ನು ತಾನೇ ಹುಡುಕಿಕೊಳ್ಳುತ್ತದೆ.

ನಡುಹೊಳೆಗೆ ಕೇಳುವ ಕರೆ

ತಳವಾರಘಟ್ಟದಲ್ಲಿ ನಡೆಯುವ ಒಂದು ನಾಟಕದ ದೃಶ್ಯವನ್ನು ಊಹಿಸೋಣ. ತುಂಗಭದ್ರೆಯ ದಂಡೆಯಲ್ಲಿ ನಿಂತ ತಾಯಿಯೊಬ್ಬಳು ಆನೆಗೊಂದಿಯ ಕಡೆಗೆ ಹರಿಗೋಲಿನಲ್ಲಿ ಹೊರಟ ಮಗನನ್ನು ಕೂಗಿ ಕರೆಯಬೇಕು. ಪಾತ್ರ ವಹಿಸಿದ ಹಿರಿಯ ಹೆಂಗಸು ಮೈಕಿನ ಮುಂದೆ ಮೆಲ್ಲಗೆ ಕರೆದಳು. ನಿರ್ದೇಶಕನು “ಜೋರಾಗಿ” ಎಂದರೆ ಆಕೆ ಅದೇ ಮಾತನ್ನು ಹಿಗ್ಗಿಸಿ ಹೇಳುತ್ತಾಳೆ. ಕೇಳುಗನಿಗೆ ಆಕೆ ಪಕ್ಕದಲ್ಲಿದ್ದವರನ್ನು ಗದರಿಸಿದಂತೆ ತೋರುತ್ತದೆ. ಬದಲಾಗಿ ಅವನು ಹೀಗೆ ಹೇಳಿದನೆನ್ನಿರಿ:

“ಅವ್ವಾ, ನಿಮ್ಮ ಮಗ ಹರಿಗೋಲು ಹತ್ತಿ ನಡುಹೊಳಿಗೆ ಹೋಗ್ಯಾನ. ಬುತ್ತಿಗಂಟು ನಿಮ್ಮ ಕೈಯಾಗೇ ಉಳದೈತಿ. ಅವನ್ನ ಕರೀರಿ.”

“ಆಗ್ಲಿ ಸಾರ್. ಅವ ಈ ಕಡಿ ನೋಡ್ತಾನೋ, ಇಲ್ಲೋ?”

“ಇಲ್ಲವ್ವಾ, ಬೆನ್ನು ಮಾಡಿ ಕುಂತಾನ.”

ಆ ತಾಯಿಯ ಪ್ರಶ್ನೆಯನ್ನು ಗಮನಿಸಿರಿ. ಒಳ್ಳೆಯ ಸೂಚನೆಯ ಲಕ್ಷಣವೇ ಅದು: ಕೇಳಿದವರ ಮನಸ್ಸು ಕೆಲಸಕ್ಕೆ ತೊಡಗುತ್ತದೆ. ಮುಂದಿನ ಕರೆಯಲ್ಲಿ ಏನೇನು ಬದಲಾಗುವುದೆಂಬುದನ್ನು ಭೌತಶಾಸ್ತ್ರ ವಿವರಿಸುತ್ತದೆ.

ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದದ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ೬ರಷ್ಟು. ಒಂದು ಮೀಟರ್ ದೂರದಲ್ಲಿ ೬೦ ಡೆಸಿಬೆಲ್ ಇರುವ ಸಾಧಾರಣ ಮಾತು ೧೦೦ ಮೀಟರ್ ದೂರದಲ್ಲಿ ೨೦ ಡೆಸಿಬೆಲ್ ಆಗುವುದು. ಅದು ಎಲೆಗಳ ಸರಸರ ಸದ್ದಿಗೆ ಸಮ. ಹೊಳೆಯ ಮೊರೆತದಲ್ಲಿ ಮುಳುಗಿಹೋಗುವುದು. ಆದುದರಿಂದ ದೂರದವನನ್ನು ಕರೆಯುವ ಮನುಷ್ಯನು ತಿಳಿಯದೆಯೇ ಮೂರು ಕೆಲಸಗಳನ್ನು ಮಾಡುತ್ತಾನೆ. ಸ್ಥಾಯಿಯನ್ನು ಏರಿಸುತ್ತಾನೆ. ಸ್ವರಾಕ್ಷರಗಳನ್ನು ಎಳೆಯುತ್ತಾನೆ, ಏಕೆಂದರೆ ‘ಆ’, ‘ಓ’ಗಳಲ್ಲಿರುವ ಶಕ್ತಿ ‘ತ’, ‘ಕ’ಗಳಲ್ಲಿಲ್ಲ. ಕರೆದು ನಿಲ್ಲಿಸಿ ಕಾಯುತ್ತಾನೆ. ೧೭೦ ಮೀಟರ್ ದಾಟಲು ದನಿಗೆ ಅರ್ಧ ಸೆಕೆಂಡು ಬೇಕು, ಉತ್ತರ ಮರಳಲು ಇನ್ನರ್ಧ. ಇವುಗಳ ಜೊತೆಗೆ ಕೂಗಿನಲ್ಲಿ ಮೇಲ್ಸ್ವರದ ಕಂಪನಗಳು ಹೆಚ್ಚಾಗಿ ಬೆರೆಯುತ್ತವೆ. ರೇಡಿಯೋವನ್ನು ಎಷ್ಟೇ ಸಣ್ಣಗೆ ಮಾಡಿದರೂ ಕೂಗು ಕೂಗಾಗಿಯೇ ಕೇಳುವುದೂ, ಪಿಸುಮಾತನ್ನು ಎಷ್ಟೇ ದೊಡ್ಡದಾಗಿಸಿದರೂ ಅದು ಪಿಸುಮಾತಾಗಿಯೇ ಉಳಿಯುವುದೂ ಇದರಿಂದಲೇ. “ಜೋರಾಗಿ” ಎಂಬ ಒಂದು ಪದದಲ್ಲಿ ಈ ನಾಲ್ಕು ಬದಲಾವಣೆಗಳು ಅಡಗಿಲ್ಲ. “ಮಗ ನಡುಹೊಳೆಯಲ್ಲಿ ಬೆನ್ನು ಮಾಡಿ ಕುಳಿತಿದ್ದಾನೆ” ಎಂಬ ಮಾತಿನಲ್ಲಿ ನಾಲ್ಕೂ ಅಡಗಿವೆ.

ಗಣಿಯ ಸದ್ದಿನಲ್ಲಿ ಆಡುವ ಮಾತು

ಸಂಡೂರಿನ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ಮೇಸ್ತ್ರಿಯು ಲಾರಿಯ ಚಾಲಕನಿಗೆ ಏನನ್ನೋ ಹೇಳುತ್ತಾನೆ ಎಂಬುದು ಇನ್ನೊಂದು ದೃಶ್ಯ. ಯಂತ್ರದ ಸದ್ದನ್ನು ಆಮೇಲೆ ಸೇರಿಸೋಣವೆಂದು ನಿಶ್ಶಬ್ದವಾದ ಕೋಣೆಯಲ್ಲಿ ಮಾತನ್ನು ಮುದ್ರಿಸುತ್ತಾರೆ. ಎರಡನ್ನೂ ಕೂಡಿಸಿ ಕೇಳಿದಾಗ ಮೇಸ್ತ್ರಿ ಗಣಿಯಲ್ಲಿದ್ದಂತೆ ತೋರುವುದೇ ಇಲ್ಲ. ಗಣಿಯ ಚಿತ್ರದ ಮುಂದೆ ಕುಳಿತು ಹರಟಿದಂತೆ ತೋರುತ್ತದೆ.

ಫ್ರಾನ್ಸಿನ ಕಿವಿವೈದ್ಯ ಎತಿಯೆನ್ ಲೊಂಬಾರ್ ೧೯೧೧ರಲ್ಲಿ ಪ್ರಕಟಿಸಿದ ಒಂದು ಅವಲೋಕನ ಇದಕ್ಕೆ ಪರಿಹಾರವನ್ನು ಸೂಚಿಸುತ್ತದೆ. ಕಿವಿಯಲ್ಲಿ ಗದ್ದಲ ತುಂಬಿದೊಡನೆ ಮನುಷ್ಯನು ತನಗರಿವಿಲ್ಲದೆಯೇ ದನಿಯೇರಿಸುತ್ತಾನೆ. ಗದ್ದಲ ನಿಂತೊಡನೆ ಇಳಿಸುತ್ತಾನೆ. ಹಾಗಾದರೆ ನಟನ ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ, ಕಿವಿಗೆ ನೋವಾಗದಷ್ಟು ಮಟ್ಟದಲ್ಲಿ, ಯಂತ್ರದ ಸದ್ದನ್ನು ಕೇಳಿಸಿದರಾಯಿತು. ಬಾಯಿಂದ ಯಾವ ಸೂಚನೆಯೂ ಬೇಡ. ಮೇಸ್ತ್ರಿಯ ದನಿ ತಾನಾಗಿ ಹುಟ್ಟುವುದು.

ಇದೇ ತತ್ತ್ವ ತಿರುಗುಮುರುಗಾಗಿಯೂ ಉಪಯೋಗಕ್ಕೆ ಬರುತ್ತದೆ. ನಟಿಯು ಮೆಲುಮಾತಿನ ದೃಶ್ಯದಲ್ಲಿ ಅನಾವಶ್ಯಕವಾಗಿ ದನಿಯೇರಿಸುತ್ತಿದ್ದರೆ “ಕೂಗಬೇಡಿ” ಎನ್ನುವ ಮೊದಲು ಹೆಡ್‌ಫೋನಿನಲ್ಲಿ ಹಿನ್ನೆಲೆಯ ಸಂಗೀತ ಎಷ್ಟಿದೆಯೆಂದು ನೋಡಬೇಕು. ಎಷ್ಟೋ ವೇಳೆ ತಪ್ಪು ಗಂಟಲಿನದಾಗಿರದೆ ಗುಂಡಿಯದಾಗಿರುತ್ತದೆ. ಮೈಕಿನ ದೂರವೂ ಹೀಗೆಯೇ. ಒಂದು ಗೇಣಿನ ದೂರದಿಂದ ಒಂದು ಮೊಳದ ದೂರಕ್ಕೆ ಸರಿದರೆ, ಮೊಳವೆಂದರೆ ಎರಡು ಗೇಣಾದುದರಿಂದ, ಮೈಕಿಗೆ ನೇರವಾಗಿ ತಲಪುವ ಶಬ್ದ ಕಾಲುಭಾಗವಾಗುತ್ತದೆ. ಕೋಣೆಯ ಗೋಡೆಗಳಿಂದ ಮರಳುವ ದನಿ ಮಾತ್ರ ಹಾಗೆಯೇ ಉಳಿಯುತ್ತದೆ. ಕೇಳುಗನಿಗೆ ಪಾತ್ರವೇ ದೂರ ಸರಿದಂತಾಗುತ್ತದೆ. ‘ಪ’, ‘ಬ’, ‘ಭ’ಗಳ ಉಸಿರು ಮೈಕಿಗೆ ಬಡಿದು ‘ಧಪ್’ ಎಂದರೆ ಮುಖವನ್ನು ತುಸು ಓರೆ ಮಾಡಿದರೆ ಸಾಕು. ಇವೆಲ್ಲ ಅಳತೆಯ ಮಾತುಗಳು. ಇವನ್ನು ಅಭಿನಯದ ದೋಷವೆಂದು ನಟನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಪ್ರಶ್ನೆಯೇ ಸೂಚನೆ

“ನಾಳೆ ಅವನು ಕಂಪ್ಲಿಗೆ ಬರುತ್ತಾನೆ.” ಈ ವಾಕ್ಯದಲ್ಲಿ ಯಾವ ಪದಕ್ಕೆ ಒತ್ತು? ಬರುವ ದಿನ ಮುಖ್ಯವೆ, ಬರುವವನು ಮುಖ್ಯನೆ, ಬರುವ ಊರು ಮುಖ್ಯವೆ, ಬಾರದೆ ಇರಲಾರನೆಂಬುದು ಮುಖ್ಯವೆ? ಬರೆಹದಲ್ಲಿ ‘ನಾಳೆಯೇ’, ‘ಅವನೇ’, ‘ಕಂಪ್ಲಿಗೇ’ ಎಂದು ಏಕಾರ ಹಚ್ಚಬಹುದು. ಮಾತಿನಲ್ಲಿ ಸ್ಥಾಯಿಯ ಏರಿಳಿತ ಆ ಕೆಲಸವನ್ನು ಮಾಡುತ್ತದೆ.

ನಿರ್ದೇಶಕನು ತಾನೇ ವಾಕ್ಯವನ್ನು ಆಡಿ ತೋರಿಸಿ “ಹೀಗೆ ಹೇಳಿ” ಎನ್ನಬಹುದು. ಅದು ಸುಲಭ, ಆದರೆ ಅಪಾಯವುಳ್ಳದ್ದು. ನಟನು ಅರ್ಥವನ್ನು ಬಿಟ್ಟು ಏರಿಳಿತದ ಗೆರೆಯನ್ನು ಮಾತ್ರ ನಕಲು ಮಾಡುತ್ತಾನೆ, ಮುಂದಿನ ವಾಕ್ಯಕ್ಕೆ ಮತ್ತೆ ನಿರ್ದೇಶಕನ ಬಾಯಿಯನ್ನೇ ನೋಡುತ್ತಾನೆ. ಇದಕ್ಕಿಂತ ಒಳ್ಳೆಯ ಉಪಾಯವುಂಟು. ಆ ವಾಕ್ಯ ಉತ್ತರವಾಗುವಂತಹ ಪ್ರಶ್ನೆಯನ್ನು ಕೇಳುವುದು. “ಯಾವತ್ತು ಬರುತ್ತಾನೆ?” ಎಂದು ಕೇಳಿ ಉತ್ತರವಾಗಿ ಓದಿಸಿದರೆ ‘ನಾಳೆ’ ತಾನಾಗಿ ಮೇಲೇಳುತ್ತದೆ. “ಯಾವೂರಿಗೆ ಬರುತ್ತಾನೆ?” ಎಂದರೆ ‘ಕಂಪ್ಲಿಗೆ’ ಎಂಬುದು ಮೇಲೇಳುತ್ತದೆ. ವಾಚಕರು ಇದನ್ನು ಈಗಲೇ ಪರೀಕ್ಷಿಸಬಹುದು.

ತಪ್ಪನ್ನು ಅಳೆದು ಹೇಳುವುದು

ಸೂಚನೆ ಕೊಟ್ಟಾಯಿತು, ನಟನು ಹೇಳಿದ್ದೂ ಆಯಿತು. ಇನ್ನು ನಿರ್ದೇಶಕನ ಪ್ರತಿಕ್ರಿಯೆ. ಕನ್ನಡನಾಡಿನಲ್ಲಿ ಬಾನುಲಿಗೆ ಅಡಿಗಲ್ಲಿಟ್ಟವರು ಮನಃಶಾಸ್ತ್ರದ ಪ್ರಾಧ್ಯಾಪಕರೊಬ್ಬರೆಂಬುದನ್ನು ಇಲ್ಲಿ ನೆನೆಯಬಹುದು. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರೇ ಅವರು. ಪ್ರತಿಕ್ರಿಯೆಯ ಪ್ರಶ್ನೆಯೂ ಮೂಲತಃ ಅವರ ಶಾಸ್ತ್ರಕ್ಕೆ ಸೇರಿದುದೇ.

೧೯೩೨ರಲ್ಲಿ ಅಮೆರಿಕದ ಟ್ರೋಬ್ರಿಜ್ ಮತ್ತು ಕೇಸನ್ ಎಂಬವರು ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು ಮೂರು ಅಂಗುಲದ ಗೆರೆಯನ್ನು ಮತ್ತೆಮತ್ತೆ ಎಳೆಯಬೇಕು. ಒಂದು ಗುಂಪಿಗೆ ಏನನ್ನೂ ತಿಳಿಸಲಿಲ್ಲ. ಒಂದು ಗುಂಪಿಗೆ ಅರ್ಥವಿಲ್ಲದ ಪದಗಳನ್ನು ಹೇಳಿದರು. ಒಂದು ಗುಂಪಿಗೆ ‘ಸರಿ’, ‘ತಪ್ಪು’ ಎಂದಷ್ಟೇ ಹೇಳಿದರು. ಕೊನೆಯ ಗುಂಪಿಗೆ ಗೆರೆ ಎಷ್ಟು ಉದ್ದವಾಯಿತು, ಎಷ್ಟು ಗಿಡ್ಡವಾಯಿತು ಎಂದು ಅಳೆದು ಹೇಳಿದರು. ಮೊದಲ ಎರಡು ಗುಂಪುಗಳು ಸುಧಾರಿಸಲಿಲ್ಲ. ಮೂರನೆಯದು ಸುಧಾರಿಸಿತು. ನಾಲ್ಕನೆಯದು ಎಲ್ಲರನ್ನೂ ಹಿಂದೆ ಹಾಕಿತು.

ಧ್ವನಿನಟನೂ, ನಾವು ಮೊದಲೇ ಕಂಡಂತೆ, ಒಂದು ಬಗೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನೇ. ಆದ್ದರಿಂದ ಅವನಿಗೆ ತಪ್ಪಿನ ಅಳತೆ, ದಿಕ್ಕು ಎರಡೂ ಬೇಕು. “ಕೊನೆಯ ಪದದಲ್ಲಿ ಉಸಿರು ಮುಗಿದು ‘ಬರುತ್ತಾನೆ’ ಎಂಬುದರ ಕೊನೆಯ ‘ನೆ’ ಕೇಳಿಸಲಿಲ್ಲ” ಎಂಬುದು ಅಳೆದ ಮಾತು. “ಸ್ಪಷ್ಟತೆ ಸಾಲದು” ಎಂಬುದು ಅಳೆಯದ ಮಾತು.

ಡಬ್ಬಿಂಗಿನಲ್ಲಂತೂ ಅಳತೆಯಿಲ್ಲದೆ ಕೆಲಸವೇ ಸಾಗದು. ೧೯೬೦ರ ದಶಕದಿಂದ ಮುಂದೆ ಹಲವು ದಶಕಗಳ ಕಾಲ ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವುದು ಬಹುಮಟ್ಟಿಗೆ ನಿಂತುಹೋಗಿತ್ತು. ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆ ಸಲ್ಲದೆಂದು ತೀರ್ಪಿತ್ತ ಮೇಲೆ ಈ ಕೆಲಸ ಮತ್ತೆ ಬೆಳೆದು, ಕನ್ನಡದ ದನಿಗಳಿಗೆ ಹೊಸ ಉದ್ಯೋಗವಾಗಿದೆ. ಚಲನಚಿತ್ರದಲ್ಲಿ ಸೆಕೆಂಡಿಗೆ ೨೪ ಚಿತ್ರಗಳು ಓಡುತ್ತವೆ. “ತಡವಾಯಿತು” ಎನ್ನುವುದಕ್ಕಿಂತ “ಎರಡು ಚಿತ್ರಗಳಷ್ಟು ತಡವಾಯಿತು” ಎಂದರೆ ಸೆಕೆಂಡಿನ ಹನ್ನೆರಡನೆಯ ಒಂದು ಭಾಗವೆಂದು ತಿಳಿಯುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನಕದಂತೆ, ಶಬ್ದವು ಚಿತ್ರಕ್ಕಿಂತ ಸುಮಾರು ೪೫ ಮಿಲಿಸೆಕೆಂಡು ಮುಂದಾದರೆ ನೋಡುವವರಿಗೆ ಗೊತ್ತಾಗುತ್ತದೆ. ಹಿಂದಾದರೆ ೧೨೫ ಮಿಲಿಸೆಕೆಂಡಿನವರೆಗೂ ನಡೆದೀತು. ಪ್ರಕೃತಿಯಲ್ಲಿ ಬೆಳಕಿನ ಹಿಂದೆ ಶಬ್ದ ಬರುವುದು ನಮಗೆ ರೂಢಿ. ಶಬ್ದದ ಹಿಂದೆ ಬೆಳಕು ಬರುವುದನ್ನು ಯಾರೂ ಕಂಡಿಲ್ಲ. ಆದುದರಿಂದ ಅನುಮಾನವಿದ್ದಾಗ ನಟನಿಗೆ “ತುಸು ತಡೆದು ಹೇಳಿ” ಎನ್ನುವುದೇ ಲೇಸು.

ತುಟಿ ಮುಚ್ಚುವ ‘ಪ’, ‘ಬ’, ‘ಮ’ಗಳಲ್ಲಿ ಮೋಸ ಬೇಗ ಬಯಲಾಗುತ್ತದೆ. ಹಿಂದಿಯ ನಟನು ‘ರಾಮ್’ ಎಂದು ತುಟಿ ಮುಚ್ಚಿ ನಿಲ್ಲಿಸಿದರೆ, ಸ್ವರದಲ್ಲಿ ಕೊನೆಗೊಳ್ಳುವ ನಮ್ಮ ‘ರಾಮ’ನಿಗೆ ತುಟಿ ತೆರೆಯಲೇಬೇಕು. ಇಲ್ಲಿ ನಟನನ್ನು ಬೈದು ಪ್ರಯೋಜನವಿಲ್ಲ, ಬರೆದ ಮಾತನ್ನೇ ಬದಲಿಸಬೇಕು.

ಪ್ರತಿಕ್ರಿಯೆಯಲ್ಲಿ ಮಿತವೂ ಇರಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಕೇಳುವುದು ಭೌತಶಾಸ್ತ್ರದ ಪ್ರಯೋಗಶಾಲೆಯ ನಿಯಮವೂ ಹೌದು. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲ ಯಾವುದರಿಂದ ಬಂದಿತೆಂದು ತಿಳಿಯುವುದಿಲ್ಲ. ಚೆನ್ನಾಗಿ ಬಂದುದನ್ನು ಹೆಸರಿಸಿ “ಇದು ಹೀಗೆಯೇ ಇರಲಿ” ಎನ್ನಬೇಕು; ಇಲ್ಲದಿದ್ದರೆ ತಪ್ಪನ್ನು ತಿದ್ದುವ ಭರದಲ್ಲಿ ನಟನು ಒಪ್ಪನ್ನೂ ಕಳೆದುಕೊಳ್ಳುತ್ತಾನೆ.

ಗಾಜಿನ ಆಚೆಯ ಮೌನ

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರ ಹೆಸರನ್ನು ವಾಚಕರು ಕೇಳಿರಬಹುದು. ಬುರ್ರಕಥೆಯ ಮಹಾಗಾಯಕಿಯಾದ ಅವರು ೨೦೧೪ರಲ್ಲಿ ತೀರಿಕೊಂಡರು. ಅಕ್ಷರ ಕಲಿಯದ ಅವರ ನೆನಪಿನಲ್ಲಿ ಹನ್ನೆರಡು ಜನಪದ ಮಹಾಕಾವ್ಯಗಳಿದ್ದುವು. ೧೪ನೆಯ ಶತಮಾನದಲ್ಲಿ ದೆಹಲಿಯ ಸೇನೆಯೊಡನೆ ಹೋರಾಡಿ ಮಡಿದ, ಕಂಪ್ಲಿಯ ಅರಸು ಮನೆತನದ ಕುಮಾರರಾಮನ ಕಥೆಯೂ ಅವುಗಳಲ್ಲಿ ಒಂದು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು.

ಬುರ್ರಕಥೆಯ ಏರ್ಪಾಡನ್ನು ಗಮನಿಸಿರಿ. ಮುಖ್ಯ ಕಥೆಗಾರರು ರಾಜನೂ ಆಗುತ್ತಾರೆ, ರಾಣಿಯೂ ಆಗುತ್ತಾರೆ. ಪಕ್ಕದಲ್ಲಿ ನಿಂತ ಮೇಳದವರು ಹೂಂಗುಟ್ಟುತ್ತ, ನಡುವೆ ಪ್ರಶ್ನೆ ಕೇಳುತ್ತ ಕಥೆಯನ್ನು ಮುನ್ನಡೆಸುತ್ತಾರೆ. ಎದುರಿಗೆ ಊರ ಜನ. ಮಾತು ತಟ್ಟಿತೋ ಇಲ್ಲವೋ ಎಂಬುದು ಕಥೆಗಾರರಿಗೆ ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಧ್ವನಿಮುದ್ರಣದ ಕೋಣೆಯಲ್ಲಾದರೋ ಗೋಡೆಗಳು ಸದ್ದನ್ನು ಹೀರುತ್ತವೆ, ಮುಂದೆ ಒಂದು ಗಾಜು, ಆಚೆ ಇಬ್ಬರು ಮೂವರ ತುಟಿಗಳು ಆಡುತ್ತಿವೆ, ಏನೂ ಕೇಳಿಸುವುದಿಲ್ಲ. ಅವರು ಮಧ್ಯಾಹ್ನದ ಊಟದ ಮಾತಾಡುತ್ತಿರಬಹುದು. ಒಳಗಿರುವವನು ತನ್ನನ್ನೇ ಆಡಿಕೊಳ್ಳುತ್ತಿದ್ದಾರೆಂದು ಕುಗ್ಗುತ್ತಾನೆ.

ಆದಕಾರಣ ಪ್ರತಿ ಸಲವೂ ಓದು ಮುಗಿದೊಡನೆ ನಿರ್ದೇಶಕನು ಗುಂಡಿಯೊತ್ತಿ ಏನಾದರೂ ಹೇಳಬೇಕು. “ಕೇಳಿಸಿಕೊಂಡೆವು, ಒಂದು ನಿಮಿಷ ತಾಳಿ” ಎಂದರೂ ಸಾಕು. ಹಾ, ಪ್ರತಿಯೊಂದು ಸಲವೂ ತಿದ್ದಬೇಕೆಂದು ಇದರ ಅರ್ಥವಲ್ಲ. ೧೯೯೦ರಲ್ಲಿ ವಿನ್‌ಸ್ಟೈನ್ ಮತ್ತು ಷ್ಮಿಟ್ ನಡೆಸಿದ ಪ್ರಯೋಗಗಳಲ್ಲಿ, ಪ್ರತಿ ಯತ್ನಕ್ಕೂ ಫಲಿತಾಂಶ ತಿಳಿದವರಿಗಿಂತ ಅರ್ಧದಷ್ಟು ಯತ್ನಗಳಿಗೆ ಮಾತ್ರ ತಿಳಿದವರಲ್ಲಿ ಕಲಿಕೆ ಹೆಚ್ಚು ಕಾಲ ಉಳಿಯಿತು. ತಿದ್ದುಪಡಿ ಆಗಾಗ ಸಾಕು; ಮೇಳದವರ ಹೂಂಕಾರ ಮಾತ್ರ ಪ್ರತಿ ಸಲವೂ ಬೇಕು.

ಗಂಟಲಿನ ಲೆಕ್ಕ, ಊರಿನ ನುಡಿ

ಕೆಟ್ಟ ಸೂಚನೆಯಿಂದ ಹೊತ್ತು ಹಾಳಾಗುವುದಷ್ಟೇ ನಷ್ಟವಲ್ಲ. ಹೆಂಗಸಿನ ಧ್ವನಿತಂತುಗಳು ಮಾತಿನಲ್ಲಿ ಸೆಕೆಂಡಿಗೆ ಸುಮಾರು ೨೧೦ ಸಲ, ಗಂಡಸಿನವು ಸುಮಾರು ೧೨೦ ಸಲ ಒಂದಕ್ಕೊಂದು ತಾಗುತ್ತವೆ. ನಿಮಿಷಕ್ಕೆ ಲೆಕ್ಕ ಹಾಕಿದರೆ ಹೆಂಗಸಿನಲ್ಲಿ ೧೨,೬೦೦ ತಾಗುಗಳಾದುವು. ಕೂಗಿನಲ್ಲಿ ಸಂಖ್ಯೆಯೂ ಏರುತ್ತದೆ, ಪೆಟ್ಟೂ ಬಲವಾಗುತ್ತದೆ. ಗುರಿ ತಿಳಿಸದೆ “ಇನ್ನೊಮ್ಮೆ, ಇನ್ನೊಮ್ಮೆ” ಎಂದು ಇಪ್ಪತ್ತು ಸಲ ಕೂಗಿಸಿದರೆ ದನಿ ಒಡೆಯುತ್ತದೆ. ಇದೇ ಅಭ್ಯಾಸವಾದರೆ ತಂತುಗಳ ಮೇಲೆ ಗಂಟುಗಳೇಳುತ್ತವೆ. ಕೂಗುವ ದೃಶ್ಯಗಳನ್ನು ದಿನದ ಕೊನೆಗಿರಿಸಬೇಕು, ನಡುನಡುವೆ ನೀರು ಕುಡಿಸಬೇಕು, ಎರಡು ಮೂರು ಸಲದಲ್ಲಿ ಮುಗಿಯುವಂತೆ ಮೊದಲೇ ಸ್ಪಷ್ಟವಾಗಿ ಹೇಳಬೇಕು.

ಇನ್ನೊಂದು ನಷ್ಟ ಕಣ್ಣಿಗೆ ಕಾಣದು. ಕಂಪ್ಲಿಯ ಗದ್ದೆಯ ರೈತನ ಪಾತ್ರಕ್ಕೆ ಕಂಪ್ಲಿಯವನೇ ಬಂದಿದ್ದಾನೆನ್ನೋಣ. ಅವನ ಮಾತಿನಲ್ಲಿ ‘ಹ’ಕಾರ ಎಷ್ಟೋ ಕಡೆ ಸಣ್ಣ ಉಸಿರಾಗಿ ಕರಗುತ್ತದೆ, ತೆಲುಗಿನ ನೆರೆಯಿಂದ ಬಂದ ಒಂದು ರಾಗವೂ ಇರಬಹುದು. “ಶುದ್ಧವಾಗಿ ಮಾತಾಡಿ” ಎಂಬ ಒಂದೇ ಸೂಚನೆ ಅವನನ್ನು ಕಟ್ಟಿಹಾಕಬಲ್ಲುದು. ಒಡನೆಯೇ ಅವನ ಗಮನ ಸನ್ನಿವೇಶವನ್ನು ಬಿಟ್ಟು ನಾಲಿಗೆಯ ಮೇಲೆ ಬೀಳುತ್ತದೆ. ಗಾಲಿಯನ್ನು ಬಿಟ್ಟು ಪಾದವನ್ನು ನೋಡಿದವರ ಗತಿ ಅವನಿಗೂ ಬರುತ್ತದೆ. ಮಾತು ಬಿಗಿಯುತ್ತದೆ, ರೈತ ಮಾಯವಾಗುತ್ತಾನೆ, ಪಾಠ ಒಪ್ಪಿಸುವ ಹುಡುಗನೊಬ್ಬ ಉಳಿಯುತ್ತಾನೆ. ಮುಂದಿನ ಬಾರಿ ಅವನು ಮೈಕಿನ ಕಡೆಗೆ ಬಾರದೆಯೂ ಹೋಗಬಹುದು. ವಾರ್ತೆಯನ್ನೋದಲು ಎಲ್ಲ ಜಿಲ್ಲೆಗಳಿಗೂ ತಿಳಿಯುವ ಉಚ್ಚಾರಣೆ ಬೇಕು, ನಿಜ. ಆದರೆ ಪಾತ್ರಕ್ಕೆ ಬೇಕಾದುದು ಆ ಪಾತ್ರದ ನುಡಿ. ನಿರ್ದೇಶಕನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: “ಕೇಳುಗನಿಗೆ ಅರ್ಥವಾಯಿತೆ?” ಅರ್ಥವಾಗದ ಪದವಿದ್ದರೆ ಅದನ್ನು ಮಾತ್ರ ಹೆಸರಿಸಿ ಹೇಳಲಿ. ಉಳಿದುದನ್ನು ಮುಟ್ಟದಿರಲಿ. ಅಕ್ಷರವನ್ನೇ ಅರಿಯದ ಈರಮ್ಮನವರನ್ನು ಯಾರಾದರೂ ಮೊದಲು ಶುದ್ಧ ಉಚ್ಚಾರಣೆ ಕಲಿತು ಬನ್ನಿರೆಂದು ಹಿಂದಕ್ಕೆ ಕಳಿಸಿದ್ದರೆ ನಾಡು ಏನನ್ನು ಕಳೆದುಕೊಳ್ಳುತ್ತಿತ್ತೆಂಬುದನ್ನು ಊಹಿಸಿರಿ.

ಶಾಲಾ ಕಾಲೇಜುಗಳಲ್ಲಿ ನಾಟಕವಾಡುವ ವಿದ್ಯಾರ್ಥಿಗಳು ಇದನ್ನೆಲ್ಲ ಯಾವ ವೆಚ್ಚವೂ ಇಲ್ಲದೆ ಅಭ್ಯಾಸ ಮಾಡಬಹುದು. ಇಬ್ಬರು ಬೆನ್ನಿಗೆ ಬೆನ್ನು ಮಾಡಿ ಕುಳಿತುಕೊಳ್ಳಿರಿ. ಒಬ್ಬನು ನಾಲ್ಕು ಸಾಲು ಓದಲಿ. ಇನ್ನೊಬ್ಬನು ಮೂರೇ ಮಾತು ಹೇಳಲಿ: ನನಗೆ ಕೇಳಿಸಿದ್ದು ಇದು, ಇದು ಹೀಗೆಯೇ ಇರಲಿ, ಈಗ ಇಂಥವನಿಗೆ, ಇಷ್ಟು ದೂರದಿಂದ ಹೇಳು. ಫೋನಿನಲ್ಲಿ ಎರಡು ಓದುಗಳನ್ನೂ ಮುದ್ರಿಸಿ ಹೋಲಿಸಿರಿ. ಆಮೇಲೆ ಪಾತ್ರಗಳನ್ನು ಅದಲುಬದಲು ಮಾಡಿಕೊಳ್ಳಿರಿ. ಒಳ್ಳೆಯ ನಿರ್ದೇಶಕನಾಗಲು ಮೊದಲು ಬೇಕಾದುದು ಒಳ್ಳೆಯ ಕಿವಿ, ಮತ್ತು ಆ ಕಿವಿ ಕೇಳಿದುದನ್ನು ಇದ್ದಂತೆಯೇ ತಿಳಿಸುವ ಪ್ರಾಮಾಣಿಕತೆ. ಇವೆರಡೂ ಅಭ್ಯಾಸದಿಂದ ಬರುವಂತಹವು.